ನೆಗಡಿಗೆ ಹಿತ್ತಲ ಮದ್ದು: ಎಲ್ಲಿಯವರೆಗೆ ಮನೆ, ಎಲ್ಲಿಂದ ಆಸ್ಪತ್ರೆ

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಎಂಬುದು ಹಿರಿಯರ ಮಾತು. ಕಿವಿಯ ಮೇಲಂಚಿಗೆ ತೊಡುತ್ತಿದ್ದ ಬುಗುಡಿ ಈಗ ಅಜ್ಜಿಯಂದಿರ ಪೆಟ್ಟಿಗೆಯನ್ನು ಸೇರಿದೆ. ನೆಗಡಿ ಮಾತ್ರ ಪ್ರತಿ ವರ್ಷ ಕಾರ್ತಿಕದ ಚಳಿಯೊಡನೆ ತಪ್ಪದೆ ಮನೆಗೆ ಬರುತ್ತದೆ. ಮಂಜೀರಾ ಸೀಮೆಯಲ್ಲಿ ಚಳಿ ಕಡಿಮೆಯದಲ್ಲ. ಜಹೀರಾಬಾದ್ ಸಮೀಪದ ಕೋಹಿರ್ ಹೆಸರು ತೆಲಂಗಾಣದ ಅತಿ ಕಡಿಮೆ ಉಷ್ಣಾಂಶ ದಾಖಲಾದ ಸ್ಥಳವೆಂದು ಚಳಿಗಾಲದ ಹವಾಮಾನ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಲ್ಹೇರ್, ನಾರಾಯಣಖೇಡದ ಕಡೆ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಂತ ಮಕ್ಕಳಲ್ಲಿ ನಾಲ್ಕಾರು ಮಂದಿ ಮೂಗು ಒರೆಸಿಕೊಳ್ಳುತ್ತಲೇ ನಿಂತಿರುವುದು ಆ ದಿನಗಳ ಸಾಮಾನ್ಯ ನೋಟ.

ಮಗುವಿಗೆ ನೆಗಡಿಯಾದಾಗ ಮನೆಯಲ್ಲಿ ಮೂರು ದಾರಿಗಳು ತೆರೆದುಕೊಳ್ಳುತ್ತವೆ. ಅಜ್ಜಿ ಒಲೆಯ ಮೇಲೆ ಶುಂಠಿ-ಮೆಣಸಿನ ನೀರಿಡುತ್ತಾಳೆ. ತಂದೆ ಔಷಧದಂಗಡಿಗೆ ಹೋಗಿ "ಕೆಮ್ಮಿಗೆ ಒಂದು ಸೀಸೆ ಕೊಡಿ" ಎನ್ನುತ್ತಾನೆ. ನೆರೆಮನೆಯವರು "ಒಂದು ಸೂಜಿ ಹಾಕಿಸಿಬಿಡಿ, ನಾಳೆಗೆ ಎದ್ದು ಓಡಾಡುತ್ತದೆ" ಎಂದು ಹೇಳುತ್ತಾರೆ. ಈ ಮೂರರಲ್ಲಿ ಮೊದಲನೆಯದು ಹಳೆಯ ಕಾಲದ್ದು, ಉಳಿದವು ವೈಜ್ಞಾನಿಕವಾದವು ಎಂಬ ಭಾವನೆ ಬಹಳ ಮನೆಗಳಲ್ಲಿದೆ. ಸಾಧಾರಣ ನೆಗಡಿಯ ವಿಷಯದಲ್ಲಿ ವೈದ್ಯವಿಜ್ಞಾನ ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಹಾಗೆಂದು ಅಜ್ಜಿಯ ಮದ್ದೆಲ್ಲವೂ ನಿರಪಾಯವೆಂದೂ ಅರ್ಥವಲ್ಲ. ಯಾವುದು ಎಷ್ಟು ದೂರ ಕೆಲಸ ಮಾಡುತ್ತದೆ, ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಮನೆಯವರು ತಿಳಿದಿರಬೇಕಾದುದು ಅಗತ್ಯ.

ನೆಗಡಿ ಎಂದರೇನು

ನೆಗಡಿಯನ್ನು ಉಂಟುಮಾಡುವ ವೈರಾಣುಗಳು ಇನ್ನೂರಕ್ಕೂ ಹೆಚ್ಚು. ಅವುಗಳಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ ನೂರ ಅರುವತ್ತಕ್ಕೂ ಮಿಕ್ಕ ಬಗೆಗಳಿವೆ. ಒಂದು ಬಗೆಯ ವಿರುದ್ಧ ದೇಹ ಶಕ್ತಿ ಗಳಿಸುವಷ್ಟರಲ್ಲಿ ಇನ್ನೊಂದು ಬಗೆ ಬಂದಿರುತ್ತದೆ. ಆದ್ದರಿಂದಲೇ ನೆಗಡಿಗೆ ಲಸಿಕೆ ಇಲ್ಲ. ಆದ್ದರಿಂದಲೇ ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಬಾರಿ ಬಂದರೆ ಚಿಕ್ಕ ಮಕ್ಕಳಿಗೆ ಆರರಿಂದ ಎಂಟು ಬಾರಿ ಬರುವುದು ಸಹಜ. ಶಾಲೆಗೆ ಹೊಸದಾಗಿ ಸೇರಿದ ಮಗು ಮೇಲಿಂದ ಮೇಲೆ ನೆಗಡಿ ತರುತ್ತದೆಂದು ಪಾಲಕರು ಗಾಬರಿಪಡಬೇಕಾಗಿಲ್ಲ.

ಮೊದಲ ಎರಡು ಮೂರು ದಿನ ಗಂಟಲು ಕೆರೆತ, ಸೀನು, ನೀರಿನಂಥ ಸಿಂಬಳ. ಆಮೇಲೆ ಸಿಂಬಳ ಗಟ್ಟಿಯಾಗಿ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ನೆಗಡಿ ಇಳಿಯುತ್ತದೆ. ಕೆಮ್ಮು ಎರಡು ವಾರ ಉಳಿಯಬಹುದು. ಬಣ್ಣ ಬದಲಾಯಿತೆಂದ ಮಾತ್ರಕ್ಕೆ ರೋಗ ಬಲಿಯಿತೆಂದು ತಿಳಿಯಬಾರದು. ವೈರಾಣುವಿನೊಡನೆ ಹೋರಾಡಿದ ರಕ್ತಕಣಗಳ ಗುರುತು ಅದು.

ತಂಪು ನೀರು ಕುಡಿದರೆ, ತಲೆ ನೆನೆದರೆ, ಬಾಳೆಹಣ್ಣು, ಸೀತಾಫಲ, ಮೊಸರು ತಿಂದರೆ ನೆಗಡಿಯಾಗುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಇದನ್ನು ಪರೀಕ್ಷಿಸಲೆಂದೇ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ಆರಂಭವಾದ ನೆಗಡಿ ಸಂಶೋಧನಾ ಕೇಂದ್ರ ಸ್ವಯಂಸೇವಕರನ್ನು ಒದ್ದೆ ಬಟ್ಟೆಯಲ್ಲಿ ಚಳಿಗೆ ನಿಲ್ಲಿಸಿ ನೋಡಿತು; ಚಳಿಗೆ ನಿಂತವರಿಗೆ ಹೆಚ್ಚು ನೆಗಡಿಯೇನೂ ಆಗಲಿಲ್ಲ. ವೈರಾಣು ಇಲ್ಲದೆ ಬರಿಯ ಚಳಿಯಿಂದ ನೆಗಡಿ ಹುಟ್ಟದು. ಆದರೆ ಹಿರಿಯರ ಅನುಭವವೂ ಪೂರ್ತಿ ಸುಳ್ಳಲ್ಲ. ರೈನೋವೈರಸ್ ದೇಹದ ಒಳಗಿನ 37 ಡಿಗ್ರಿಗಿಂತ ಮೂಗಿನೊಳಗಿನ 33–35 ಡಿಗ್ರಿಯ ತಂಪಿನಲ್ಲಿ ಚೆನ್ನಾಗಿ ವೃದ್ಧಿಯಾಗುತ್ತದೆ. ಚಳಿಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುವುದರಿಂದ ಒಬ್ಬರದು ಇನ್ನೊಬ್ಬರಿಗೆ ಬೇಗ ಹರಡುತ್ತದೆ.

ಹಾಲು ಕುಡಿದರೆ ಕಫ ಹೆಚ್ಚುತ್ತದೆ ಎಂಬ ಮಾತೂ ಪರೀಕ್ಷೆಗೆ ನಿಂತಿಲ್ಲ. ಆಸ್ಟ್ರೇಲಿಯಾದಲ್ಲಿ ನೆಗಡಿಯ ವೈರಾಣು ತಗುಲಿಸಿಕೊಂಡ ಸ್ವಯಂಸೇವಕರ ಮೇಲೆ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾಲು ಕುಡಿದವರ ಸಿಂಬಳದ ಪ್ರಮಾಣ ಹೆಚ್ಚಿರಲಿಲ್ಲ. ನೆಗಡಿಯಾದ ಮಗುವಿನಿಂದ ಹಾಲು, ಹಣ್ಣು ಕಿತ್ತುಕೊಂಡು ಬರಿಹೊಟ್ಟೆಯಲ್ಲಿಡುವುದು ಮಗುವಿಗೇ ನಷ್ಟ.

ಒಂದೇ ಬೇರು, ಹಲವು ಹೆಸರು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ವಲಯವನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿದವು. ಕಚೇರಿಯ ಭಾಷೆ ಬದಲಾಯಿತು. ಅಡುಗೆಮನೆಯ ಮಾತು ಬದಲಾಗಲಿಲ್ಲ. ಅದರಿಂದ ಇಲ್ಲಿಯ ಕನ್ನಡ ಮನೆಗಳಲ್ಲಿ ಪ್ರತಿಯೊಂದು ಮದ್ದಿಗೂ ಎರಡು ಮೂರು ಹೆಸರುಗಳಿವೆ. ಮನೆಯಲ್ಲಿ ನೆಗಡಿ, ಅಂಗಡಿಯಲ್ಲಿ ಜಲುಬು, ಪಕ್ಕದ ಮರಾಠಿ-ಉರ್ದು ಮನೆಗಳಲ್ಲಿ ಸರ್ದಿ. ಹಸಿಶುಂಠಿಗೆ ಉತ್ತರದ ಕನ್ನಡದಲ್ಲಿ ಅಲ್ಲ, ತೆಲುಗಿನಲ್ಲಿ ಅಲ್ಲಂ; ಒಣಗಿದ್ದು ಸೊಂಠಿ. ಅಜವಾನಕ್ಕೆ ವಾಮು, ಕರಿಮೆಣಸಿಗೆ ಮಿರಿಯಾಲು, ಅರಿಶಿನಕ್ಕೆ ಪಸುಪು, ಜೇನಿಗೆ ತೇನೆ. ದೊಡ್ಡಪತ್ರೆ ತೆಲುಗಿನಲ್ಲಿ ವಾಮಾಕು, ಆಡುಸೋಗೆ ಅಡ್ಡಸರಂ. ತುಳಸಿ ಎಲ್ಲ ಭಾಷೆಗಳಲ್ಲೂ ತುಳಸಿಯೇ. ಅಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ಮಗು ಅಂಗಡಿಯಲ್ಲಿ ತೆಲುಗಿನಲ್ಲಿ ಕೇಳಿ ತರಬೇಕಾದ ಊರುಗಳಲ್ಲಿ ಈ ಜೋಡಿ ಹೆಸರುಗಳು ತಿಳಿದಿರುವುದು ಉಪಯುಕ್ತ. ಹೆಸರು ತಪ್ಪಿದರೆ ಬೇರೆಯೇ ವಸ್ತು ಬಂದೀತು.

ಈ ಸೀಮೆಗೆ ಮದ್ದಿನ ಸಾಮಾನು ದೂರದಿಂದ ಬರಬೇಕಾಗಿಲ್ಲ. ಜಹೀರಾಬಾದಿನ ಕೆಂಪು ನೆಲದಲ್ಲಿ ಶುಂಠಿ ಬೆಳೆಯುತ್ತದೆ. ಕಬ್ಬಿನ ಸೀಮೆಯಾದ್ದರಿಂದ ಬೆಲ್ಲಕ್ಕೆ ಕೊರತೆಯಿಲ್ಲ. ಅರಿಶಿನಕ್ಕೆ ನಿಜಾಮಾಬಾದ್ ಹೆಸರಾಗಿದ್ದು, 2025ರ ಜನವರಿಯಲ್ಲಿ ರಾಷ್ಟ್ರೀಯ ಅರಿಶಿನ ಮಂಡಳಿಯೂ ಅಲ್ಲಿಯೇ ಆರಂಭವಾಯಿತು. ತಾಂಡೂರಿನ ತೊಗರಿಬೇಳೆಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಯಾವ ಮದ್ದು ಏನು ಮಾಡುತ್ತದೆ

ವೈರಾಣುವನ್ನು ಕೊಂದು ನೆಗಡಿಯನ್ನು ನಿಲ್ಲಿಸುವ ಮದ್ದು ಅಜ್ಜಿಯಲ್ಲೂ ಇಲ್ಲ, ಔಷಧದಂಗಡಿಯಲ್ಲೂ ಇಲ್ಲ. ದೇಹವೇ ಆ ಕೆಲಸ ಮಾಡಿಕೊಳ್ಳುತ್ತದೆ. ಅದು ಮುಗಿಯುವವರೆಗೆ ಗಂಟಲಿನ ಉರಿ, ಮೂಗಿನ ಕಟ್ಟು, ರಾತ್ರಿಯ ಕೆಮ್ಮುಗಳನ್ನು ಸಹ್ಯವಾಗಿಸುವುದು ಮನೆಮದ್ದಿನ ಕೆಲಸ.

ಬಿಸಿ ಪಾನೀಯ: ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೆಗಡಿಯಾದ 30 ಮಂದಿಗೆ ಒಂದೇ ಹಣ್ಣಿನ ಪಾನಕವನ್ನು ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಬಿಸಿ ಮಾಡದೆ ಕೊಟ್ಟರು. ಬಿಸಿಯಾಗಿ ಕುಡಿದವರಿಗೆ ಸೀನು, ಕೆಮ್ಮು, ಗಂಟಲು ನೋವು, ಚಳಿ, ದಣಿವು ತಕ್ಷಣ ಹಗುರವಾದಂತೆ ಅನ್ನಿಸಿತು. ಜೋಳದ ಗಂಜಿ, ಬೇಳೆಕಟ್ಟಿನ ಸಾರು ಮಾಡುವ ಉಪಕಾರ ಇದೇ. ತೊಗರಿಬೇಳೆ ಬೇಯಿಸಿದ ಕಟ್ಟಿಗೆ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ನಾಲ್ಕೈದು ಕಾಳುಮೆಣಸಿನ ಪುಡಿ, ಉಪ್ಪು ಹಾಕಿ ಕುದಿಸಿದರೆ ಸಾಕು. ನೀರು, ಉಪ್ಪು, ಸ್ವಲ್ಪ ಪೌಷ್ಟಿಕಾಂಶ ಮೂರೂ ಒಟ್ಟಿಗೆ ದೊರೆಯುತ್ತವೆ. ಬಾಯಿರುಚಿ ಕೆಟ್ಟ ಮಗುವೂ ಇದನ್ನು ಕುಡಿಯುತ್ತದೆ.

ಜೇನು: ಕೆಮ್ಮಿಗೆ ಜೇನು ಒಳ್ಳೆಯದೆಂಬುದಕ್ಕೆ ಗಟ್ಟಿಯಾದ ಆಧಾರಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿಯೇ ಮಕ್ಕಳ ಕೆಮ್ಮಿಗೆ ಗಂಟಲು ತಣಿಸುವ ಸುರಕ್ಷಿತ ಮನೆಮದ್ದಾಗಿ ಜೇನನ್ನು ಹೆಸರಿಸಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುನ್ನ ಜೇನು ನೆಕ್ಕಿದ ಮಕ್ಕಳ ರಾತ್ರಿಯ ಕೆಮ್ಮು ಏನೂ ಕೊಡದ ಮಕ್ಕಳಿಗಿಂತ ಸ್ಪಷ್ಟವಾಗಿ ತಗ್ಗಿತು. ಆ ಅಧ್ಯಯನದಲ್ಲಿ ಕೊಟ್ಟ ಪ್ರಮಾಣ ಎರಡರಿಂದ ಐದು ವರ್ಷದವರಿಗೆ ಅರ್ಧ ಚಹಾ ಚಮಚ, ಆರರಿಂದ ಹನ್ನೊಂದರವರಿಗೆ ಒಂದು, ಅದಕ್ಕೆ ಮೇಲ್ಪಟ್ಟವರಿಗೆ ಎರಡು.

ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ಒಂದು ಹನಿಯೂ ಕೊಡಬಾರದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ರೂಢಿ ಅನೇಕ ಮನೆಗಳಲ್ಲಿದೆ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆಯ ಬೀಜಾಣುಗಳಿರಬಹುದು. ಬಲಿತ ಕರುಳಿನಲ್ಲಿ ಅವು ಏನೂ ಮಾಡವು. ಎಳೆಯ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಿ ಸ್ನಾಯುಗಳನ್ನು, ಕೊನೆಗೆ ಉಸಿರನ್ನೇ ನಿಲ್ಲಿಸಬಲ್ಲವು. ಮನೆಯ ಒಲೆಯ ಮೇಲೆ ಕಾಯಿಸಿದರೂ ಆ ಬೀಜಾಣು ಸಾಯುವುದಿಲ್ಲ.

ಉಪ್ಪುನೀರು: ಅತಿ ಅಗ್ಗದ, ಅತಿ ಕಡಿಮೆ ಮರ್ಯಾದೆಯ ಮದ್ದು ಇದು. ಸ್ಕಾಟ್ಲೆಂಡಿನ ಎಡಿನ್‌ಬರೋ ಸಂಶೋಧಕರು 407 ಮಕ್ಕಳನ್ನೊಳಗೊಂಡ ಅಧ್ಯಯನದ ಫಲವನ್ನು 2024ರ ಸೆಪ್ಟೆಂಬರಿನಲ್ಲಿ ಮುಂದಿಟ್ಟರು. ಪಾಲಕರೇ ಮನೆಯಲ್ಲಿ ತಯಾರಿಸಿದ ಉಪ್ಪುನೀರನ್ನು ಮೂಗಿಗೆ ಹನಿ ಹಾಕಿಸಿಕೊಂಡ ಮಕ್ಕಳಿಗೆ ನೆಗಡಿ ಸರಾಸರಿ ಆರು ದಿನ ಇತ್ತು. ಉಳಿದವರಿಗೆ ಎಂಟು ದಿನ. ಅವರ ಮನೆಗಳಲ್ಲಿ ಇತರರಿಗೆ ಹರಡಿದ್ದೂ ಕಡಿಮೆ. ಆ ಅಧ್ಯಯನದ ನೀರು ಸ್ವಲ್ಪ ಹೆಚ್ಚು ಉಪ್ಪಿನದು. ಸಾಧಾರಣವಾಗಿ ಮೂಗಿನ ಕಟ್ಟು ಬಿಡಿಸಲು ಕುದಿಸಿ ಆರಿಸಿದ ಒಂದು ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಕರಗಿಸಿ, ಸ್ವಚ್ಛ ಡ್ರಾಪರ್‌ನಿಂದ ಒಂದೊಂದು ಹೊಳ್ಳೆಗೆ ಎರಡು ಮೂರು ಹನಿ ಬಿಟ್ಟರೆ ಸಾಕು. ಎದೆಹಾಲು ಕುಡಿಯುವ ಕೂಸಿಗೆ ಹಾಲೂಡಿಸುವ ಮುನ್ನ ಹಾಕಿದರೆ ಅದು ಉಸಿರು ಕಟ್ಟದೆ ಕುಡಿಯುತ್ತದೆ. ನೀರನ್ನು ದಿನವೂ ಹೊಸದಾಗಿ ಕುದಿಸಿಕೊಳ್ಳಬೇಕು. ಕೆರೆ, ಬಾವಿ, ನಲ್ಲಿಯ ಹಸಿ ನೀರನ್ನು ಮೂಗಿಗೆ ಬಿಡಕೂಡದು. ಮಿದುಳಿಗೆ ಏರುವ ಅಮೀಬಾ ಮೂಗಿನ ಮೂಲಕವೇ ಪ್ರವೇಶಿಸುತ್ತದೆ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಈ ಅಮೀಬಾ ಹಲವರ ಪ್ರಾಣ ತೆಗೆದಿದೆ.

ದೊಡ್ಡ ಮಕ್ಕಳಿಗೂ ಹಿರಿಯರಿಗೂ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸುವುದು ಹಿತ. ಜಪಾನಿನಲ್ಲಿ 387 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರಿಯ ನೀರಿನಿಂದ ದಿನವೂ ಮುಕ್ಕಳಿಸಿದವರಿಗೆ ನೆಗಡಿ ಬಂದದ್ದೇ ಕಡಿಮೆ. ಅಯೋಡಿನ್ ಔಷಧದಿಂದ ಮುಕ್ಕಳಿಸಿದವರಿಗೆ ಅಂಥ ಲಾಭ ಕಾಣಲಿಲ್ಲ.

ಕಷಾಯ: ಎರಡು ಲೋಟ ನೀರಿಗೆ ಒಂದಂಗುಲ ಜಜ್ಜಿದ ಶುಂಠಿ, ಐದಾರು ತುಳಸಿ ಎಲೆ, ಮೂರು ನಾಲ್ಕು ಮೆಣಸು ಹಾಕಿ ಒಂದು ಲೋಟಕ್ಕೆ ಇಳಿಸಿ, ಒಲೆಯಿಂದ ಕೆಳಗಿಟ್ಟ ಮೇಲೆ ಬೆಲ್ಲ ಸೇರಿಸುವುದು ಸಾಮಾನ್ಯ ಪದ್ಧತಿ. ಕೇಂದ್ರದ ಆಯುಷ್ ಸಚಿವಾಲಯ 2020ರಲ್ಲಿ ಹೊರಡಿಸಿದ ಸಲಹೆಯಲ್ಲಿ ತುಳಸಿ, ದಾಲ್ಚಿನ್ನಿ, ಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವೂ, 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನವೂ ಇದ್ದವು. ಎರಡಕ್ಕೂ ಅಲ್ಲಿ ಹೇಳಿದ ಮಿತಿ ದಿನಕ್ಕೆ ಒಂದು ಅಥವಾ ಎರಡು ಬಾರಿ. ಒಳ್ಳೆಯದೆಂದು ನಾಲ್ಕೈದು ಬಾರಿ ಖಾರದ ಕಷಾಯ ಕುಡಿದರೆ ಹೊಟ್ಟೆ ಉರಿಯುತ್ತದೆ. ಐದು ವರ್ಷ ದಾಟಿದ ಮಕ್ಕಳಿಗೆ ನೀರು ಬೆರೆಸಿ ಅರ್ಧ ಲೋಟ ಸಾಕು. ಕೂಸುಗಳಿಗೆ ಬೇಡವೇ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಶುಂಠಿ, ಅರಿಶಿನಗಳನ್ನು ಹೆಚ್ಚಾಗಿ ಬಳಸುವ ಮುನ್ನ ವೈದ್ಯರನ್ನು ಕೇಳಬೇಕು.

ಹಿತ್ತಲ ಎಲೆಗಳು: ದೊಡ್ಡಪತ್ರೆ ಮತ್ತು ಅಜವಾನಗಳಿಗೆ ಒಂದೇ ಬಗೆಯ ಘಾಟು ಇರುವುದಕ್ಕೆ ಥೈಮಾಲ್, ಕಾರ್ವಕ್ರಾಲ್ ಎಂಬ ತೈಲಾಂಶಗಳು ಕಾರಣ. ಹುರಿದ ಅಜವಾನವನ್ನು ಬಟ್ಟೆಯಲ್ಲಿ ಕಟ್ಟಿ ಮೂಸುವುದು ದೊಡ್ಡವರಿಗೆ ಆರಾಮ. ಆ ಬಿಸಿ ಪೊಟ್ಟಣವನ್ನು ಕೂಸಿನ ಎದೆಯ ಮೇಲಿಟ್ಟರೆ ಚರ್ಮ ಸುಡುತ್ತದೆ. "ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಗೆ ಆಡುಸೋಗೆ ಉತ್ತರ ಕೊಟ್ಟಿದೆ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ, ಕಫ ಸಡಿಲಿಸಲು ವೈದ್ಯರು ಬರೆಯುವ ಬ್ರೋಮ್‌ಹೆಕ್ಸಿನ್ ಔಷಧ ತಯಾರಾಯಿತು. ಆದರೆ ಅದೇ ಎಲೆ ಗರ್ಭಕೋಶವನ್ನು ಸಂಕುಚಿಸಬಲ್ಲದು. ಗರ್ಭಿಣಿಯರು ಅದರ ರಸ, ಕಷಾಯಗಳನ್ನು ಮುಟ್ಟಬಾರದು.

ನಿಂಬೆ, ಪೇರಲ, ನೆಲ್ಲಿ: ಸಿ ಜೀವಸತ್ವವನ್ನು ವರ್ಷವಿಡೀ ತೆಗೆದುಕೊಳ್ಳುವವರಿಗೆ ನೆಗಡಿಯ ಅವಧಿ ಸ್ವಲ್ಪ ತಗ್ಗುತ್ತದೆ, ನೆಗಡಿ ಬಂದ ಮೇಲೆ ಮಾತ್ರೆ ನುಂಗಿದರೆ ಲಾಭ ಕಾಣುವುದಿಲ್ಲ. ಮಕ್ಕಳು ದಿನವೂ ಹಣ್ಣು ತಿನ್ನುವಂತೆ ಮಾಡಿದರೆ ಮಾತ್ರೆಯ ಖರ್ಚು ಉಳಿಯುತ್ತದೆ.

ಮನೆಮದ್ದು ಎಲ್ಲಿ ಕೆಡುಕಾಗುತ್ತದೆ

ಹಬೆ ತೆಗೆದುಕೊಳ್ಳುವುದು ದೊಡ್ಡವರಿಗೆ ಕ್ಷಣಕಾಲದ ನೆಮ್ಮದಿ ಕೊಡಬಹುದು. ಅದರಿಂದ ನೆಗಡಿ ಬೇಗ ಹೋಗುತ್ತದೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಮಕ್ಕಳ ವಿಷಯದಲ್ಲಿ ಅಪಾಯವೇ ಹೆಚ್ಚು. 2020ರಲ್ಲಿ ಕೋವಿಡ್ ಭಯದಿಂದ ಹಬೆಯ ರೂಢಿ ಹೆಚ್ಚಿದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯಲ್ಲಿ ಹಬೆ ಪಾತ್ರೆಯಿಂದ ಸುಟ್ಟುಕೊಂಡು ಬಂದ ಮಕ್ಕಳ ಸಂಖ್ಯೆ ಮೂವತ್ತು ಪಟ್ಟಾಯಿತೆಂದು ಅಲ್ಲಿಯ ವೈದ್ಯರು ಬರೆದರು. ಕುದಿಯುವ ಪಾತ್ರೆಯ ಮೇಲೆ ಕಂಬಳಿ ಹೊದ್ದು ಮಗುವನ್ನು ಬಗ್ಗಿಸುವುದನ್ನು ಬಿಡಬೇಕು.

ಕರ್ಪೂರ ಮತ್ತು ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಮೂರ್ಛೆ ಬರುತ್ತದೆ. ಮೂಸುವುದರಿಂದಲೂ ಹಾಗಾಗಬಹುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ವರದಿ ಮಾಡಿದ್ದಾರೆ. ಕರ್ಪೂರ ಬೆರೆತ ಮುಲಾಮುಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಯಾವ ವಯಸ್ಸಿನವರಿಗೂ ಮೂಗಿನೊಳಗೆ ಹಚ್ಚಬಾರದು. ಕೂಸಿನ ಮೂಗಿಗೆ ಎಣ್ಣೆ ಬಿಡುವುದರಿಂದ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಬಜೆ ತೇಯ್ದು ಕುಡಿಸುವುದೂ ಸುರಕ್ಷಿತವಲ್ಲ. ತಲೆಗೂದಲು ಒಣಗಿಸಲು ಹಾಕುವ ಲೋಬಾನದ ಹೊಗೆ, ಒಲೆಯ ಹೊಗೆ, ಬೀಡಿಯ ಹೊಗೆ ಮೂರೂ ನೆಗಡಿಯಾದ ಮಗುವಿನ ಉಸಿರಿಗೆ ಶತ್ರುಗಳು.

ಉಸಿರಾಟ ಬಿಗಿದ ಕೂಸಿನ ಹೊಟ್ಟೆ, ಎದೆಗೆ ಕಾದ ಕಬ್ಬಿಣ ಮುಟ್ಟಿಸುವ ಕ್ರೂರ ರೂಢಿ ದೇಶದ ಕೆಲವೆಡೆ ಇನ್ನೂ ಅಳಿದಿಲ್ಲ. ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ 2023ರಲ್ಲಿ ನ್ಯುಮೋನಿಯಾ ಪೀಡಿತ ಹಸುಗೂಸಿಗೆ ಹೀಗೆ ಬರೆ ಹಾಕಲಾಗಿತ್ತು, ಮಗು ಉಳಿಯಲಿಲ್ಲ. ಮಕ್ಕಳ ಮೇಲಿನ ಇಂಥ ಕ್ರೌರ್ಯ 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮಿನಡಿ ಶಿಕ್ಷಾರ್ಹ ಅಪರಾಧ.

ಸೀಸೆ, ಸೂಜಿ ಮತ್ತು ಕೆಂಪು ಗೆರೆ

2025ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ನೆಗಡಿ-ಕೆಮ್ಮಿಗೆಂದು ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಸಿರಪ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ವಿಷ ಬೆರೆತಿತ್ತು. ತೆಲಂಗಾಣದ ಔಷಧ ನಿಯಂತ್ರಣ ಆಡಳಿತವೂ ಆ ಸಿರಪ್ ಬಳಸದಂತೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಆ ಮಕ್ಕಳಲ್ಲಿ ಹೆಚ್ಚಿನವರು ಐದು ವರ್ಷ ತುಂಬದವರು. ಅವರ ಪಾಲಕರು ನಿರ್ಲಕ್ಷ್ಯ ಮಾಡಿದವರಲ್ಲ, ಮದ್ದು ಕೊಡಿಸಿದವರು.

ಅದೇ ಅಕ್ಟೋಬರ್ 3ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎಲ್ಲ ರಾಜ್ಯಗಳಿಗೂ ಸಲಹೆ ಕಳುಹಿಸಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಗಳನ್ನು ಬರೆಯಲೂಬಾರದು, ಕೊಡಲೂಬಾರದು. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಅವು ಸೂಕ್ತವಲ್ಲ. ಸಾಕಷ್ಟು ನೀರು, ವಿಶ್ರಾಂತಿ, ಆರೈಕೆಯೇ ಮೊದಲ ಚಿಕಿತ್ಸೆಯಾಗಬೇಕು ಎಂಬುದು ಅದರ ಸಾರ. ಇದಕ್ಕೂ ಮೊದಲೇ, 2023ರ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮೈನ್ ಮತ್ತು ಫೀನೈಲ್‌ಎಫ್ರಿನ್ ಬೆರೆತ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ ಮೇಲೆ ಮುದ್ರಿಸುವಂತೆ ಔಷಧ ನಿಯಂತ್ರಕರು ಆದೇಶಿಸಿದ್ದರು. ಚಿಕ್ಕ ಮಗುವಿಗೆ ಗಂಜಿ ಕೊಟ್ಟು ಮಲಗಿಸುವ ಅಜ್ಜಿಯ ಕ್ರಮವನ್ನೇ ಸರ್ಕಾರದ ಕಾಗದವೂ ಹೇಳುತ್ತಿದೆ.

ಆಂಟಿಬಯೋಟಿಕ್ ಮಾತ್ರೆಗಳು ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತವೆ. ವೈರಾಣುವಿನ ಮೇಲೆ ಮಾಡುವುದಿಲ್ಲ. ಬೇಡದಾಗ ನುಂಗಿದರೆ ಹೊಟ್ಟೆ ಕೆಡುವುದಲ್ಲದೆ, ಮುಂದೆ ನಿಜವಾದ ಸೋಂಕು ಬಂದಾಗ ಅದೇ ಮಾತ್ರೆ ಫಲಿಸದೆ ಹೋಗುತ್ತದೆ. 1945ರ ಔಷಧ ನಿಯಮಗಳ ಪ್ರಕಾರ ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿಯಲ್ಲಿರುವ ಔಷಧಗಳಿಗಂತೂ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಬರೆದ ದಾಖಲೆ ಪುಸ್ತಕವನ್ನು ಅಂಗಡಿಯವರು ಮೂರು ವರ್ಷ ಕಾಪಾಡಬೇಕು.

ಮಾತ್ರೆಯ ಹಾಳೆಯ ಮೇಲಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಲಾಗದ ಕನ್ನಡ ಮನೆಗಳಿಗೂ ಒಂದು ಗುರುತು ಸಹಾಯಕ್ಕಿದೆ. ವೈದ್ಯರ ಚೀಟಿ ಬೇಕಾದ ಔಷಧಗಳ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಈ ಕೆಂಪು ಗೆರೆಯ ಬಗ್ಗೆ ಪ್ರಚಾರ ಆರಂಭಿಸಿತು. ಗೆರೆಗೆ ಭಾಷೆಯಿಲ್ಲ; ಎರಡನೆಯ ತರಗತಿಯ ಮಗುವೂ ಅದನ್ನು ತೋರಿಸಬಲ್ಲದು. ವೈದ್ಯರು ನೋಡದೆ ಕೈಗೆ ಬಂದ ಹಾಳೆಯಲ್ಲಿ ಆ ಗೆರೆ ಕಂಡರೆ ಹಿಂತಿರುಗಿಸಬೇಕು. ವೈದ್ಯರು ಬರೆದ ಔಷಧ ಕೊಂಡಾಗ ಬಿಲ್ ಕೇಳಿ ಪಡೆಯಬೇಕು. ಕಾಯಿಲೆ ವಾಸಿಯಾಗುವವರೆಗೆ ಸೀಸೆಯನ್ನು ಎಸೆಯಬಾರದು. ಏನಾದರೂ ಹೆಚ್ಚುಕಡಿಮೆಯಾದರೆ ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಆ ಬಿಲ್ ಎರಡೇ ಸಾಕ್ಷಿ.

ನೆಗಡಿಗೆ ಸೂಜಿ ಹಾಕಿಸುವ ಅವಶ್ಯಕತೆಯೇ ಇಲ್ಲ. ಒಂದೇ ರಾತ್ರಿಯಲ್ಲಿ ಹುರುಪು ತರುವ ಸೂಜಿಯಲ್ಲಿ ಸ್ಟೀರಾಯ್ಡ್ ಇದ್ದೀತು. ಅದು ರೋಗವನ್ನು ಮರೆಮಾಚುತ್ತದೆ. ಜ್ವರ, ಮೈಕೈ ನೋವಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಕ್ಕಳಿಗೆ ಸಲ್ಲದು.

ಉಸಿರು ಎಣಿಸುವುದು

ಇಲ್ಲಿಯವರೆಗಿನದು ಸಾಧಾರಣ ನೆಗಡಿಯ ಮಾತು. ನೆಗಡಿಯಂತೆಯೇ ಆರಂಭವಾಗಿ ನ್ಯುಮೋನಿಯಾಕ್ಕೆ ತಿರುಗುವ ಕಾಯಿಲೆಗೆ ಕಷಾಯ ಹಿಡಿದು ಕೂತರೆ ಮಗು ಕೈತಪ್ಪುತ್ತದೆ. ಈ ವ್ಯತ್ಯಾಸ ತಿಳಿಯಲು ಯಂತ್ರ ಬೇಕಿಲ್ಲ. ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಆಶಾ ಕಾರ್ಯಕರ್ತೆಯರಿಗೆ ಕಲಿಸುವ ವಿಧಾನವೂ ಇದೇ. ಮಗು ಅಳದೆ ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ-ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ, ಎರಡು ತಿಂಗಳಿಂದ ಒಂದು ವರ್ಷದೊಳಗಿನದು 50 ಅಥವಾ ಹೆಚ್ಚು ಬಾರಿ, ಒಂದರಿಂದ ಐದು ವರ್ಷದ ಮಗು 40 ಅಥವಾ ಹೆಚ್ಚು ಬಾರಿ ಉಸಿರಾಡಿದರೆ ಅದು ವೇಗದ ಉಸಿರಾಟ. ಆಗ ಮನೆಮದ್ದು ನಿಲ್ಲಿಸಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ನಾರಾಯಣಖೇಡದ ಸರ್ಕಾರಿ ಆಸ್ಪತ್ರೆಗೋ ಅಂದೇ ಕರೆದೊಯ್ಯಬೇಕು.

ಉಸಿರೆಳೆದಾಗ ಪಕ್ಕೆಯ ಕೆಳಗಿನ ಭಾಗ ಒಳಗೆ ಸೆಳೆಯುವುದು, ತುಟಿ ನೀಲಿಗಟ್ಟುವುದು, ಕೂಸು ಹಾಲು ಬಿಡುವುದು, ಕುಡಿದದ್ದೆಲ್ಲ ಕಾರುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ ಇವು ಗಂಟೆ ಕಾಯಬಾರದ ಲಕ್ಷಣಗಳು. ಹೈದರಾಬಾದಿನಲ್ಲಿ 2005ರಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ ಉಚಿತ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅದೊಂದೇ ಕಾರಣ ಸಾಕು. ದೊಡ್ಡ ಮಕ್ಕಳಲ್ಲಿ ಮೂರು ದಿನ ದಾಟಿದ ಜ್ವರ, ಕಿವಿನೋವು, ಉಸಿರಿನ ಸಿಳ್ಳೆ ಕಂಡರೆ ವೈದ್ಯರಿಗೆ ತೋರಿಸಬೇಕು. ಯಾವ ವಯಸ್ಸಿನವರಿಗೂ ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುತ್ತದೆ. ನೆಗಡಿಗೆ ಲಸಿಕೆಯಿಲ್ಲದಿದ್ದರೂ ನ್ಯುಮೋನಿಯಾದ ಒಂದು ಮುಖ್ಯ ಕಾರಣದ ವಿರುದ್ಧ ಪಿಸಿವಿ ಲಸಿಕೆ ಇದೆ. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಅದನ್ನು ಉಚಿತವಾಗಿ ಹಾಕುತ್ತಾರೆ, ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.

ಶಾಲೆಯಲ್ಲಿ ಮಾಡಬಹುದಾದುದು ಸ್ವಲ್ಪವೇ, ಆದರೆ ಫಲ ಹೆಚ್ಚು. ಮಧ್ಯಾಹ್ನದ ಊಟಕ್ಕೆ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಅಂಗೈಗೆ ಬದಲು ಮೊಣಕೈ ಮಡಿಕೆಗೆ ಸೀನುವುದು, ಜ್ವರವಿರುವ ಮಗುವನ್ನು ಮನೆಯಲ್ಲಿ ಮಲಗಿಸುವುದು ಈ ಮೂರೇ ನೆಗಡಿಯ ಓಟವನ್ನು ತಗ್ಗಿಸುತ್ತವೆ. ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿಗೆ ಗಡಿಯಾರ ನೋಡಿ ಉಸಿರು ಎಣಿಸುವುದನ್ನು ಗಣಿತದ ಅವಧಿಯಲ್ಲೇ ಕಲಿಸಬಹುದು. 60, 50, 40 ಎಂಬ ಮೂರು ಸಂಖ್ಯೆಗಳನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿಡಬಹುದು. ಮನೆಗೆ ಹೋದ ಮಗು ತೊಟ್ಟಿಲ ಪಕ್ಕ ಗಡಿಯಾರ ಹಿಡಿದು ಕುಳಿತರೆ ಅಜ್ಜಿಗೆ ಎಣಿಕೆ ತಿಳಿಯುತ್ತದೆ. ಗಂಜಿ ಕುದಿಯಲಿಡಬೇಕೋ, ಆಸ್ಪತ್ರೆಗೆ ಹೊರಡಬೇಕೋ ಎಂಬುದು ಆಗ ನಿಶ್ಚಯವಾಗುತ್ತದೆ.